ಯಾರೂ ಸಾಯದ ಪುಸ್ತಕ

(ಕಾರವಾರದಲ್ಲಿ ಓದುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಳೆಯ ಸದ್ದಿನಲ್ಲಿ ನನಗೇ ಕೇಳಿಸದೇ ಹೋದ ಕೆಲವು ವಾಕ್ಯಗಳನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಈ ಮಳೆ, ಒಳಗೆ ಈ ಫ್ಯಾನು. ಎರಡನ್ನೂ ಮೀರಿ ಮಾತಾಡಬೇಕು. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ. ಹಾಗಂತ ಎಲ್ಲರೂ ಎತ್ತಬೇಡಿ, ನಾನು ಸುಮ್ನೆ ಕೂತುಬಿಡುತ್ತೇನೆ.

ಬರಹಗಾರ ದುಃಖವನ್ನೇ ಬರೆಯಬೇಕೋ, ಸಂತೋಷ ಕೊಡಬೇಕೋ ಅನ್ನುವುದು ನನಗೆ ಕೊಟ್ಟ ವಿಷಯ. ಇಂಥ ವಿಷಯ ಸಿಕ್ಕರೆ ಕ್ರೌಂಚ ಪಕ್ಷಿಯಿಂದ ಶುರು ಮಾಡುವುದು ವಾಡಿಕೆ. ಬೇಡ ಬಾಣ ಬಿಟ್ಟ, ಹಕ್ಕಿ ಸತ್ತಿತು, ವಾಲ್ಮೀಕಿಯ ಶೋಕ ಶ್ಲೋಕವಾಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಆ ಹಕ್ಕಿಯನ್ನು ಎಷ್ಟು ಸಲ ಸಾಯಿಸಿದ್ದೇನೋ ಲೆಕ್ಕವಿಲ್ಲ. ಇವತ್ತೊಂದು ದಿನ ಅದನ್ನು ಹಾರಲು ಬಿಡೋಣ.

ನಾನು ನನ್ನ ಅಕ್ಕನಿಂದ ಶುರು ಮಾಡುತ್ತೇನೆ.

ಅಕ್ಕನನ್ನು ಕೊಟ್ಟದ್ದು ಶಿರಸಿ ಹತ್ತಿರದ ಒಂದು ಹಳ್ಳಿಗೆ. ಅಡಿಕೆ ತೋಟ, ಕೊಟ್ಟಿಗೆ, ಎರಡು ದನ. ಕೆಲವು ವರ್ಷಗಳ ಹಿಂದೆ ಅವಳಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ನಮ್ಮ ಜಿಲ್ಲೆಯ ಪಾಡು ನಿಮಗೆ ಗೊತ್ತೇ ಇದೆ. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಇಲ್ಲವೇ ಗೋವಾ. ನಾವು ಹುಬ್ಬಳ್ಳಿಗೆ ಹೋದೆವು. ಶಿರಸಿಯಿಂದ ಹತ್ತಿರ ಹತ್ತಿರ 100 ಕಿಲೋಮೀಟರು. ಮೂರು ವಾರಕ್ಕೊಮ್ಮೆ ಕೀಮೋ. ಕತ್ತಲಿರುವಾಗಲೇ ಮನೆ ಬಿಡಬೇಕು. ಜೊತೆಗೆ ಹೋಗುವ ಕೆಲಸ ನನ್ನದು, ರಿಟೈರ್ ಆದವನು ಅಲ್ವಾ. ಬಾಟಲಿಯಿಂದ ಔಷಧಿ ಹನಿಹನಿಯಾಗಿ ಇಳಿಯುವಷ್ಟು ಹೊತ್ತೂ ಸುಮ್ಮನೆ ಕೂತಿರಬೇಕು. ಅಕ್ಕನಿಗೆ ಮೊದಲಿನಿಂದಲೂ ಓದುವ ಚಟ. ಎರಡನೇ ಕೀಮೋದ ಹಿಂದಿನ ರಾತ್ರಿ ಫೋನ್ ಮಾಡಿ ಹೇಳಿದಳು:

"ತಮಾ, ನಾಳೆ ಒಂದು ಪುಸ್ತಕ ತಗಂಬಾ. ಯಾರೂ ಸಾಯದ್ದೆ ಇಪ್ಪದು."

ನಕ್ಕೆ. ಅದೇನು ದೊಡ್ಡ ಕೆಲಸ ಅಂತ ಕಪಾಟಿನ ಮುಂದೆ ನಿಂತೆ. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಒಂದೊಂದೇ ತೆಗೆದು ನೋಡುತ್ತೇನೆ, ಇದರಲ್ಲಿ ತಾಯಿ ಸಾಯುತ್ತಾಳೆ, ಇದರಲ್ಲಿ ಮಗು. ಇದರಲ್ಲಿ ಊರೇ ಸಾಯುತ್ತದೆ. ಒಂದರಲ್ಲಿ ಯಾರೂ ಸಾಯುವುದಿಲ್ಲ ಅಂತ ಖುಷಿಯಾಗಿ ಚೀಲಕ್ಕೆ ಹಾಕಿದೆ. ಆಮೇಲೆ ನೆನಪಾಯಿತು, ಅದರಲ್ಲಿ ಎತ್ತು ಸಾಯುತ್ತದೆ, ಅದೂ ನಿಧಾನವಾಗಿ, ನಲವತ್ತು ಪುಟ.

ಕೊನೆಗೆ ನನ್ನದೇ ಮೊದಲ ಕಥಾಸಂಕಲನ ಕೈಗೆ ಬಂತು. ಕೂತು ಎಣಿಸಿದೆ. ಹನ್ನೊಂದು ಕಥೆ, ಒಂಬತ್ತು ಸಾವು. ಒಂಬತ್ತರಲ್ಲಿ ನಾಲ್ಕು ಜನ ಬಾವಿಗೆ ಬಿದ್ದವರು. ನಮ್ಮ ಕಡೆಯ ಬಾವಿಗಳು ಅಷ್ಟೇನೂ ಅಪಾಯದವಲ್ಲ. ನಾನು ಹುಟ್ಟಿ ಬೆಳೆದ ಊರಿನಲ್ಲಿ ನನ್ನ ನೆನಪಿನಲ್ಲಿ ಬಾವಿಗೆ ಬಿದ್ದದ್ದು ಒಂದು ಕರು, ಎರಡು ಕೊಡಪಾನ. ಆ ಕರು ಕೂಡ ಬದುಕಿತು.

ಮರುದಿನ ನಾನು ತೆಗೆದುಕೊಂಡು ಹೋದದ್ದು ಒಂದು ಅಡುಗೆ ಪುಸ್ತಕ. ಅಕ್ಕ ಅದನ್ನು ಗಂಭೀರವಾಗಿ ಓದಿದಳು. ಮಧ್ಯಾಹ್ನ ಕನ್ನಡಕ ತೆಗೆದು ಹೇಳಿದಳು: "ಇದ್ರಲ್ಲಿ ಯಾರೂ ಸಾಯ್ತ್ವಿಲ್ಲೆ, ಖರೆ. ಆದ್ರೆ ಇದು ಹೇಳಿದಾಂಗೆ ಉಪ್ಪು ಹಾಕಿದ್ರೆ ಉಂಡವ್ ಸಾಯ್ತ."

ನಾವು ಬರೆಯುವವರು ಯಾಕೆ ಹೀಗೆ ಸಾವಿನ ಹಿಂದೆ ಬೀಳುತ್ತೇವೆ? ದೊಡ್ಡ ಕಾರಣಗಳನ್ನು ಹೇಳಬಹುದು. ಕರುಣ ರಸ, ಜೀವನದ ಸತ್ಯ, ಇತ್ಯಾದಿ. ನನಗೆ ಗೊತ್ತಿರುವ ಕಾರಣ ಸಣ್ಣದು. ದುಃಖ ಬರೆದರೆ ಬರೆದವನಿಗೆ ತೂಕ ಬರುತ್ತದೆ. ಕಥಾ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕೂತಿದ್ದೇನೆ. ನಗಿಸುವ ಕಥೆ ಬಂದರೆ ಓದಿ ನಗುತ್ತೇವೆ. ನಕ್ಕಾದ ಮೇಲೆ "ಚಲೋ ಇದೆ, ಆದರೆ ಗಟ್ಟಿ ಇಲ್ಲ" ಅಂತ ಪಕ್ಕಕ್ಕಿಡುತ್ತೇವೆ. ನಾನೂ ಇಟ್ಟಿದ್ದೇನೆ. ಬಹುಮಾನ ಹೋಗುವುದು ಬಾವಿಗೆ ಬಿದ್ದವಳಿಗೆ. ಇದು ಗೊತ್ತಾದ ಮೇಲೆ ಹೊಸಬರು ಏನು ಬರೆಯುತ್ತಾರೆ ಹೇಳಿ?

ಕಥೆ ಮುಗಿಸಲು ಗೊತ್ತಾಗದಿದ್ದಾಗ ಸಾವು ಒಂದು ಒಳ್ಳೆಯ ಬಾಗಿಲು ಅನ್ನುವುದೂ ನಿಜ. ಅದನ್ನು ಬರೆಯುವವರು ಒಪ್ಪುವುದಿಲ್ಲ. ನಾನು ರಿಟೈರ್ ಆಗಿದ್ದೇನೆ, ಒಪ್ಪುತ್ತೇನೆ.

ಈಗ ನನ್ನ ಒಂದು ತಪ್ಪಿನ ಕಥೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಸಮುದ್ರ ಸೇರುವ ಕಡೆ, ನಾನು ಹತ್ತು ವರ್ಷ ಕೆಲಸ ಮಾಡಿದೆ. ನನ್ನ ಶಾಲೆಯ ಹುಡುಗನೊಬ್ಬನ ಅಪ್ಪ ಅಳಿವೆಯಲ್ಲಿ ದೋಣಿ ಮಗುಚಿ ಹೋದರು. ಮಳೆಗಾಲದ ಶುರುವಿನಲ್ಲಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಅವರದ್ದು ಸಣ್ಣ ಪಾತಿ ದೋಣಿ, ದಡದ ಹತ್ತಿರವೇ ಹೋಗಿದ್ದರು. ಮೂರನೇ ದಿನ ಸಿಕ್ಕರು. ನಾನು ಮನೆಗೆ ಹೋದೆ, ಜಗಲಿಯಲ್ಲಿ ಒಂದು ತಾಸು ಕೂತೆ, ವಾಪಸು ಬಂದೆ. ನನಗೆ ಕಥೆ ಸಿಕ್ಕಿತ್ತು.

ಆ ಕಥೆಯಲ್ಲಿ ಹೆಂಗಸು ಸಮುದ್ರದ ಎದುರು ಕೂತಿರುತ್ತಾಳೆ. ಸುಮ್ಮನೆ ನೋಡುತ್ತಾಳೆ. ತೆರೆ ಬರುತ್ತದೆ, ಹೋಗುತ್ತದೆ. ಮೂರು ಪುಟ ಅಷ್ಟೇ. ಗಾಳಿಮರ ಅಳುತ್ತದೆ. ಕಥೆಗೆ ಒಳ್ಳೆಯ ಹೆಸರು ಬಂತು. ಆಕಾಶವಾಣಿಯಲ್ಲಿಯೂ ಓದಿದೆ.

ಎರಡು ವರ್ಷದ ಮೇಲೆ ಅಂಕೋಲಾ ಮೀನು ಪೇಟೆಯಲ್ಲಿ ಆ ಹೆಂಗಸು ಸಿಕ್ಕಳು. ಬುಟ್ಟಿಯ ಮುಂದೆ ಕೂತಿದ್ದಳು. ನಾನು ಮೀನು ತಿನ್ನುವವನಲ್ಲ, ಬಸ್ ಸ್ಟ್ಯಾಂಡಿಗೆ ಹತ್ತಿರ ಅಂತ ಆ ದಾರಿ ಹಿಡಿದಿದ್ದೆ. ಕರೆದಳು.

"ಮಾಸ್ತರೆ, ನೀವು ನನ್ನ ಕತೆ ಬರ್ದೀರಂತೆ. ಮಗ ಓದಿ ಹೇಳ್ದ."

ನನಗೆ ಒಳಗೊಳಗೇ ಹೆಮ್ಮೆ. "ಹೌದಮ್ಮ, ಹೇಗಿತ್ತು?" ಅಂದೆ.

"ನಾನು ಸಮುದ್ರ ನೋಡ್ತಾ ಕೂತಿದ್ದೆ ಅಂತ ಬರ್ದೀರಿ. ನಾನ್ಯಾಕೆ ಸಮುದ್ರ ನೋಡೂಕೆ ಹೋಗ್ಲಿ? ಅದನ್ನ ದಿನಾ ನೋಡೂದೇ. ನಂಗೆ ಹದ್ನೈದನೇ ದಿನಕ್ಕೆ ಪೇಟೆಗೆ ಬರೂದಿತ್ತು. ಸಾಲ ಇತ್ತು."

ನಾನು ಏನೋ ತೊದಲಿದೆ. ಅವಳಿಗೆ ಸಿಟ್ಟೇನೂ ಇರಲಿಲ್ಲ. ಆಮೇಲೆ ಕೇಳಿದಳು, "ಆ ಕಾಕೆ ಕತೆ ಯಾಕೆ ಬರೀಲಿಲ್ಲ?" ಯಾವ ಕಾಗೆ? ಆಗ ಹೇಳಿದಳು. ಕಾಗೆಗೆ ಅನ್ನ ಇಟ್ಟ ದಿನ ಒಂದು ಕಾಗೆಯೂ ಮುಟ್ಟಲಿಲ್ಲವಂತೆ. ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ ಹಿರಿಯರು ಒಂದೊಂದೇ ಮಾತು ಕೊಟ್ಟರು. ಮಗಳ ಮದುವೆ ಮಾಡುತ್ತೇವೆ, ಕಾಗೆ ಬರಲಿಲ್ಲ. ದೋಣಿ ರಿಪೇರಿ ಮಾಡಿಸುತ್ತೇವೆ, ಬರಲಿಲ್ಲ. ಬಿಸಿಲು ಏರಿತು. ಎಲ್ಲರಿಗೂ ಹಸಿವು. ಕೊನೆಗೆ ಇವಳೇ ಎದ್ದು ಒಳಗೆ ಹೋಗಿ, ನೆರೆಮನೆಯವರು ಮಕ್ಕಳಿಗೆ ಅಂತ ತಂದುಕೊಟ್ಟಿದ್ದ ಹುರಿದ ಬಂಗಡೆಯ ಒಂದು ತುಂಡು ತಂದು ಎಲೆಯ ಮೇಲೆ ಇಟ್ಟಳು. ಹಿರಿಯರು ಬೇಡ ಬೇಡ ಅನ್ನುವಷ್ಟರಲ್ಲಿ ಕಾಗೆ ಬಂತು. ಒಂದಲ್ಲ, ಎಂಟು ಹತ್ತು. ಎಲೆಯ ಮೇಲೆ ಜಗಳವೇ ಆಯಿತು.

"ನಾನು ಹೇಳ್ದೆ, ನೋಡಿ, ಅವ್ರಿಗೆ ಸಾಲ ಕೊಟ್ಟವ್ರೂ ಸಂಗ್ತಿಗೆ ಬಂದ್ರು ಅಂತ. ಎಲ್ಲಾ ನಗಾಡ್ರು ಮಾಸ್ತರೆ. ಅವ್ರ ಅವ್ವಿ ಸತ ನಗಾಡ್ತು."

ಇಷ್ಟು ಹೇಳಿ ಅವಳು ಗಿರಾಕಿಯ ಕಡೆ ತಿರುಗಿದಳು. ನಾನು ಬಸ್ ಹತ್ತಿದೆ.

ನನಗೆ ಬೇಸರವಾದದ್ದು ಒಳ್ಳೆಯ ಹಾಸ್ಯ ಪ್ರಸಂಗ ತಪ್ಪಿಹೋಯಿತು ಅಂತ ಅಲ್ಲ. ನಾನು ಸುಳ್ಳು ಬರೆದಿದ್ದೆ. ಗಂಡ ಸತ್ತ ಹೆಂಗಸು ಹನ್ನೆರಡನೇ ದಿನಕ್ಕೆ ತಮಾಷೆ ಮಾಡಬಲ್ಲಳು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಒಂದು ತಾಸು ಜಗಲಿಯಲ್ಲಿ ಕೂತವನಿಗೆ ಏನು ಕಾಣುತ್ತದೆ? ಅಳು ಕಾಣುತ್ತದೆ. ಹೊರಗಿನವರು ಬಂದಾಗ ಯಾರು ನಗುತ್ತಾರೆ? ಅವಳ ದುಃಖ ಸಣ್ಣದಾಗಿತ್ತು ಅಂತಲ್ಲ. ಆ ಮಾತಿನಲ್ಲಿ ಗಂಡನ ಮೇಲಿನ ಪ್ರೀತಿ ಇದೆ, ಸಿಟ್ಟು ಇದೆ, ಅವನು ಬಿಟ್ಟುಹೋದ ಸಾಲದ ಭಯವಂತೂ ಪೂರ್ತಿ ಇದೆ. ನನ್ನ ಮೂರು ಪುಟದ ತೆರೆಗಳಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ಅವತ್ತಿನಿಂದ ಈ ಪ್ರಶ್ನೆಯನ್ನು ನಾನು ಬೇರೆ ಥರ ಕೇಳಿಕೊಳ್ಳುತ್ತಿದ್ದೇನೆ. ಅಳಿಸಬೇಕೋ ನಗಿಸಬೇಕೋ ಅಂತಲ್ಲ. ಅಳುವ ಮನೆಯ ನಗುವನ್ನು ನಾನು ಯಾಕೆ ಬಿಟ್ಟೆ? ಯಾರ ಅನುಕೂಲಕ್ಕೆ ಬಿಟ್ಟೆ?

ನಮ್ಮ ಕಡೆ ಸತ್ತ ಮನೆಗೆ ಹೋಗಿ ನೋಡಿ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ, ಕವಳ ಹಾಕಿಕೊಂಡು, ಜಗಲಿಯಲ್ಲಿ ಇಸ್ಪೀಟು ಶುರುವಾಗುತ್ತದೆ. ಸತ್ತವರ ಜಿಪುಣತನದ ಕಥೆಗಳು ಬರುತ್ತವೆ. ಒಳಗೆ ಹೆಂಗಸರು ಪಾತ್ರೆ ತೊಳೆಯುತ್ತಾ ಇನ್ನೂ ಒಳ್ಳೆಯ ಕಥೆಗಳನ್ನು ಹೇಳಿಕೊಳ್ಳುತ್ತಿರುತ್ತಾರೆ, ಅದು ನಮಗೆ ಕೇಳಿಸುವುದಿಲ್ಲ. ಇದನ್ನು ನೋಡುತ್ತಾ ಬೆಳೆದವನೇ ನಾನು. ಪೆನ್ನು ಹಿಡಿದ ಕೂಡಲೇ ಮರೆತೆ.

ನಮ್ಮ ಹಿರಿಯರು ಮರೆತಿರಲಿಲ್ಲ. ಕನ್ನಡದಲ್ಲಿ ಹರಿಶ್ಚಂದ್ರನ ಕಥೆಗಿಂತ ದುಃಖದ ಕಥೆ ಯಾವುದಿದೆ? ರಾಜ್ಯ ಹೋಯಿತು, ಹೆಂಡತಿ ಮಗ ಮಾರಾಟವಾದರು, ಮಗ ಹಾವು ಕಚ್ಚಿ ಸತ್ತ, ಮಗನನ್ನು ಸುಡಲು ಬಂದ ಹೆಂಡತಿಯ ಹತ್ತಿರವೇ ಸುಂಕ ಕೇಳಬೇಕಾಯಿತು. ರಾಘವಾಂಕ ಬರೆದು ಎಂಟು ನೂರು ವರ್ಷವಾಗುತ್ತಾ ಬಂತು. ಇವತ್ತಿಗೂ ಯಕ್ಷಗಾನದಲ್ಲಿ ಅದನ್ನು ನೋಡಿ ಜನ ಕಣ್ಣು ಒರೆಸಿಕೊಳ್ಳುತ್ತಾರೆ. ಆ ಕಥೆಯಲ್ಲೇ ನಕ್ಷತ್ರಿಕ ಇದ್ದಾನೆ! ವಿಶ್ವಾಮಿತ್ರನ ಸಾಲ ವಸೂಲಿಗೆ ಬಂದವನು. ಕಾಡಿನ ದಾರಿಯುದ್ದಕ್ಕೂ ಬೆನ್ನು ಬಿಡುವುದಿಲ್ಲ. ಹಸಿವು ಅಂತಾನೆ, ಕಾಲು ನೋವು ಅಂತಾನೆ, ಬಿಸಿಲು ಅಂತಾನೆ. ಇವತ್ತಿಗೂ ಯಾರಾದರೂ ಬಿಡದೆ ಪೀಡಿಸಿದರೆ 'ನಕ್ಷತ್ರಿಕನ ಕಾಟ' ಅಂತೇವೆ. ರಾಜನ ಹೆಸರು ಸತ್ಯಕ್ಕೆ ಉಳಿಯಿತು, ಇವನ ಹೆಸರು ಕಾಟಕ್ಕೆ ಉಳಿಯಿತು.

ಚಿಕ್ಕವನಿದ್ದಾಗ ಗದ್ದೆ ಬಯಲಿನಲ್ಲಿ ಕಂಬಳಿ ಹೊದ್ದು ನೋಡಿದ ಆಟ ನನಗೆ ನೆನಪಿದೆ. ಮಧ್ಯರಾತ್ರಿ ಹಾಸ್ಯಗಾರ ನಕ್ಷತ್ರಿಕನಾಗಿ ಬಂದ. ಹೊಟ್ಟೆ ಹಿಡಿದು ನಕ್ಕೆವು. ನನ್ನ ಪಕ್ಕದ ಅಜ್ಜ ಎಲೆಯಡಿಕೆ ಚೀಲ ಬೀಳಿಸಿಕೊಂಡರು. ಬೆಳಗಿನ ಜಾವ, ಭಾಗವತರ ದನಿ ತಗ್ಗಿ, ಚಂಡೆ ಸುಮ್ಮನಾಗಿ ಮದ್ದಲೆಯೊಂದೇ ಉಳಿದಾಗ, ಚಂದ್ರಮತಿ ಮಗನನ್ನು ಎತ್ತಿಕೊಂಡು ಸುಡುಗಾಡಿಗೆ ಬಂದಳು. ಅದೇ ಅಜ್ಜ ಕಂಬಳಿಯೊಳಗೆ ಮುಖ ಹಾಕಿ ಅಳುತ್ತಿದ್ದರು. ಮಧ್ಯರಾತ್ರಿ ನಗದೇ ಹೋಗಿದ್ದರೆ ಅಷ್ಟು ಹೊತ್ತಿಗೆ ನಾನು ನಿದ್ದೆ ಹೋಗಿರುತ್ತಿದ್ದೆ. ಇದು ತಮಾಷೆಗೆ ಹೇಳಿದ್ದಲ್ಲ. ರಾತ್ರಿಯಿಡೀ ಅಳಿಸಿದರೆ ಯಾರೂ ಅಳುವುದಿಲ್ಲ. ಇದು ಮೇಳದವರಿಗೆ ಗೊತ್ತಿತ್ತು. ನಗು ಅಲ್ಲಿ ಬಿಡುವಿನ ಕಾಫಿಯಲ್ಲ. ನಕ್ಷತ್ರಿಕ ಪೀಡಿಸಿದಷ್ಟೂ ರಾಜನ ಸಂಕಟ ಹೆಚ್ಚುತ್ತದೆ. ನಾವು ನಗುತ್ತಿರುವಾಗಲೇ ಅವನು ಸೋಲುತ್ತಿರುತ್ತಾನೆ.

ಶಿರಸಿಯವರು ಇಲ್ಲಿ ಯಾರಾದರೂ ಇದ್ದೀರಾ? ಹಾಗಾದರೆ ಬೇಡರ ವೇಷದ ಬಗ್ಗೆ ನಾನು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಹೋಳಿಯ ಹೊತ್ತಿಗೆ, ರಾತ್ರಿ ಬೀದಿಗಳಲ್ಲಿ ಬೇಡ ಬರುತ್ತಾನೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಹಗ್ಗ. ಹಿಂದೆ ಇಬ್ಬರು ಹಗ್ಗ ಹಿಡಿದಿರುತ್ತಾರೆ. ತಮಟೆಯ ಪೆಟ್ಟಿಗೆ ಅವನು ಜನರ ಮೇಲೆ ಹಾರುತ್ತಾನೆ. ಮಕ್ಕಳು ಕಿರುಚುತ್ತಾರೆ, ಓಡುತ್ತಾರೆ, ಮತ್ತೆ ಹತ್ತಿರ ಬರುತ್ತಾರೆ. ಊರಿಗೆ ಊರೇ ನಿದ್ದೆಗೆಟ್ಟು ಖುಷಿಪಡುತ್ತದೆ. ಇದರ ಹಿಂದೆ ಹೇಳುವ ಕಥೆ ಮಾತ್ರ ಭಯಂಕರ. ಊರು ಕಾಯಲು ಬಂದ ಬೇಡನೇ ಊರಿಗೆ ಕಂಟಕನಾದ. ಹೆಣ್ಣೊಬ್ಬಳು ಊರಿಗಾಗಿ ಅವನನ್ನು ಮದುವೆಯಾದಳು. ಹೋಳಿ ಕುಣಿತದಲ್ಲಿ ಅವನು ಮೈಮರೆತಾಗ ಕಣ್ಣಿಗೆ ಆಮ್ಲ ಎರಚಿದಳು. ಅವನು ಕುರುಡನಾಗಿ ಅವಳನ್ನು ಕೊಲ್ಲಲು ನುಗ್ಗಿದಾಗ ಜನ ಹಗ್ಗ ಹಾಕಿ ಹಿಡಿದರು. ಆ ಹಗ್ಗವೇ ಇವತ್ತೂ ಸೊಂಟದಲ್ಲಿದೆ. ಇದನ್ನು ಕುಣಿಯುವ ಹುಡುಗರು ಶೋಕ ಮಾಡುತ್ತಿದ್ದಾರೋ, ಸಂಭ್ರಮ ಮಾಡುತ್ತಿದ್ದಾರೋ? ನೀವೇ ಹೇಳಿ. ಅವರನ್ನೇ ಕೇಳಿದರೆ "ತಮಟೆ ಕೇಳಿದ್ರೆ ನಿಲ್ಲೂಕೆ ಆಗೂದಿಲ್ಲ" ಅಂತಾರೆ, ಅಷ್ಟೇ.

ಇನ್ನು ಕಾರವಾರಕ್ಕೆ ಬಂದು ಟ್ಯಾಗೋರರ ಹೆಸರು ಹೇಳದೆ ಹೋದರೆ ನೀವು ಚಹಾ ಕೊಡುವುದಿಲ್ಲ. ಕಡಲತೀರಕ್ಕೆ ಅವರದೇ ಹೆಸರು ಇಟ್ಟುಕೊಂಡಿದ್ದೀರಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ ಅವರೇ. 1883ರಲ್ಲಿ ರವೀಂದ್ರರು ಅವರ ಜೊತೆ ಇಲ್ಲಿದ್ದಾಗ ವಯಸ್ಸು 22. ಅರ್ಧಚಂದ್ರದ ಹಾಗಿರುವ ಈ ದಡ, ಗಾಳಿಮರಗಳು, ಬೆಳದಿಂಗಳಲ್ಲಿ ಕಾಳಿ ನದಿ ಹತ್ತಿ ಹಳೆಯ ಕೋಟೆಗೆ ದೋಣಿಯಲ್ಲಿ ಹೋಗಿ ಬಂದದ್ದು, ಎಲ್ಲವನ್ನೂ ಆಮೇಲೆ ನೆನಪಿಸಿಕೊಂಡಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದದ್ದೂ ಇಲ್ಲೇ. ಅದರಲ್ಲಿ ಒಬ್ಬ ಸಂನ್ಯಾಸಿ. ಪ್ರೀತಿ, ಮಮತೆ ಎಲ್ಲ ಕಡಿದುಕೊಂಡು ಗೆದ್ದೆ ಅಂದುಕೊಂಡವನು. ಒಂದು ಪುಟ್ಟ ಹುಡುಗಿ ಅವನನ್ನು ಮತ್ತೆ ಈ ಲೋಕಕ್ಕೆ ಎಳೆಯುತ್ತಾಳೆ. ಸಣ್ಣದರಲ್ಲೇ ದೊಡ್ಡದನ್ನು ಕಾಣುವ ಆನಂದ, ಮುಂದೆ ತಾನು ಬರೆದದ್ದಕ್ಕೆಲ್ಲ ಇದೇ ಮುನ್ನುಡಿ ಅಂತ ಅವರೇ ಹೇಳಿಕೊಂಡಿದ್ದಾರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಸಂತೋಷದ ಪಕ್ಷ ಗೆದ್ದ ಹಾಗೆ. ಆದರೆ ಮರುವರ್ಷ ಏನಾಯಿತು? 1884ರ ಏಪ್ರಿಲ್‌ನಲ್ಲಿ ಅತ್ತಿಗೆ ಕಾದಂಬರಿ ದೇವಿ ತೀರಿಕೊಂಡರು. ತಾಯಿ ಹೋದ ಮೇಲೆ ಅವರನ್ನು ನೋಡಿಕೊಂಡವರು, ಅವರ ಕವಿತೆಗಳ ಮೊದಲ ಓದುಗರು. ರವೀಂದ್ರರಿಗೆ ಇನ್ನೂ 23 ತುಂಬಿರಲಿಲ್ಲ. ಆ ದಿನಗಳಲ್ಲಿ ಅವರು ಒರಟು ಬಟ್ಟೆಯೊಂದನ್ನು ಹೊದ್ದು, ಚಪ್ಪಲಿ ಮೆಟ್ಟಿಕೊಂಡು ಕಲ್ಕತ್ತೆಯ ದೊಡ್ಡ ಇಂಗ್ಲಿಷ್ ಪುಸ್ತಕದಂಗಡಿಗೆ ಹೋಗುತ್ತಿದ್ದರಂತೆ. ಮಳೆ ಚಳಿ ನೋಡದೆ ಮಹಡಿಯ ಮೇಲೆ ಬಯಲಲ್ಲೇ ಮಲಗುತ್ತಿದ್ದರಂತೆ. ಇದನ್ನೆಲ್ಲ ಬರೆದ ಅವರ ನೆನಪಿನ ಪುಸ್ತಕದ ಅದೇ ಪುಟಗಳಲ್ಲಿ ಇನ್ನೊಂದು ಮಾತಿದೆ. ತಡೆಯಲಾರದ ಆ ದುಃಖದ ನಡುವೆಯೇ ಆಗಾಗ ಒಂದು ಆನಂದದ ಗಾಳಿ ಮನಸ್ಸಿನ ಮೇಲೆ ಸುಳಿದುಹೋಗುತ್ತಿತ್ತು, ಅದು ತನಗೇ ಆಶ್ಚರ್ಯವಾಗುತ್ತಿತ್ತು ಅಂತ. ಬದುಕು ಕಲ್ಲಿನ ಗೋಡೆಯಲ್ಲ, ಯಾವುದೂ ನಮ್ಮನ್ನು ಇಲ್ಲಿ ಶಾಶ್ವತವಾಗಿ ಕಟ್ಟಿಹಾಕಿಲ್ಲ ಅನ್ನುವ ಹಗುರ.

ಈ ಮಾತನ್ನು ಬರೆಯಲು ಎಷ್ಟು ಧೈರ್ಯ ಬೇಕು ನೋಡಿ. ಆಪ್ತರು ಸತ್ತಾಗ ನನಗೆ ಒಂದು ಗಳಿಗೆ ಹಗುರ ಅನ್ನಿಸಿತು ಅಂತ ಯಾರು ಒಪ್ಪಿಕೊಳ್ಳುತ್ತಾರೆ? ಪೂರ್ತಿ ಅಳು ಬರೆಯುವುದು ಸುಲಭ. ಮೀನು ಪೇಟೆಯ ಹೆಂಗಸು ಕಾಗೆಗಳನ್ನು ನೋಡಿ ಹೇಳಿದ್ದಕ್ಕೂ ಇದಕ್ಕೂ ನನಗೆ ಜಾಸ್ತಿ ದೂರ ಕಾಣುವುದಿಲ್ಲ.

ಬೇಂದ್ರೆಯವರನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. ನನ್ನ ಪಾಡು ನನಗಿರಲಿ, ಹಾಡನ್ನಷ್ಟೇ ರಸಿಕನಿಗೆ ಕೊಡುತ್ತೇನೆ ಅಂದವರು ಅವರು. ಮಗು ತೀರಿಕೊಂಡಾಗ ಹೆಂಡತಿಯ ಕಣ್ಣು ಎದುರಿಸಲಾಗದೆ ಬರೆದ ಪದ್ಯವೂ ಅವರದೇ. ಅಲ್ಲಿ ಪಾಡು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಗೆರೆ ಹಾಕಿ ತೋರಿಸಿ ನೋಡೋಣ.

ಸಂತೋಷ ಕೊಡಿ ಅನ್ನುವವರ ಬಗ್ಗೆಯೂ ನನಗೆ ಸ್ವಲ್ಪ ಜಗಳವಿದೆ. ಒಮ್ಮೆ ಒಂದು ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ಕಾರವಾರ, ಅಂಕೋಲೆ ನಡುವೆ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಊರುಗಳ ಬಗ್ಗೆ ಬರೆಯುತ್ತೇನೆ ಅಂದೆ. ಶಂಕುಸ್ಥಾಪನೆ 1986ರಲ್ಲಿ, ನೆಲೆ ಶುರುವಾದದ್ದು 2005ರಲ್ಲಿ. ಪರಿಹಾರದ ಕೇಸುಗಳು ಅದರಾಚೆಗೂ ನಡೆದವು. ಮನೆ ಎದುರಿನ ದಡದಲ್ಲಿ ದೋಣಿ ಎಳೆದಿಡುತ್ತಿದ್ದವರು ಸಮುದ್ರ ನೋಡಲು ಬೇರೆ ಊರಿಗೆ ಹೋಗಬೇಕಾಯಿತು. ಸಂಪಾದಕರು "ಸ್ವಲ್ಪ ಪಾಸಿಟಿವ್ ಆಗಿರಲಿ ಸರ್" ಅಂದರು. ಪಾಪ, ಒಳ್ಳೆಯ ಮನುಷ್ಯ. ನಾನು ಬರೆಯಲಿಲ್ಲ. ಮನೆ ಕಳೆದುಕೊಂಡವನು ತನ್ನಷ್ಟಕ್ಕೆ ತಾನು ನಗುವುದು ಬೇರೆ. ನಾವು ಅವನ ಬಾಯಿಗೆ ನಗು ಅಂಟಿಸುವುದು ಬೇರೆ.

ಅಳುವಿನಲ್ಲೂ ಇದೇ ಆಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿ, ಅಲ್ಲಿ ಲಾರಿ ನಿಲ್ಲಿಸಿದವರು, ಎಲ್ಲ ಮಣ್ಣಿನ ಜೊತೆ ಗಂಗಾವಳಿಗೆ ಹೋದರು. ಎರಡನೇ ದಿನಕ್ಕೆ ನನ್ನ ಫೋನಿಗೆ ಕವಿತೆಗಳು ಬರಲು ಶುರುವಾದವು. ನದಿ ರಕ್ತವಾಯಿತು, ಪ್ರಕೃತಿ ಮುನಿಯಿತು. ಮಣ್ಣಿನಡಿ ಇರುವವರು ಇನ್ನೂ ಸಿಕ್ಕಿರಲಿಲ್ಲ. ಒಂದು ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟರಲ್ಲಿ ಕವಿತೆಗಳು ನಿಂತಿದ್ದವು. ಹತ್ತು ವಾರ ದಡದಲ್ಲಿ ಕಾದವರ ಬಗ್ಗೆ ಯಾರೂ ಬರೆಯಲಿಲ್ಲ, ಕಾಯುವುದರಲ್ಲಿ ಪ್ರಾಸ ಸಿಗುವುದಿಲ್ಲವಲ್ಲ. ನಾನೂ ನಾಲ್ಕು ಸಾಲು ಬರೆದಿದ್ದೆ, ಕಳಿಸಲಿಲ್ಲ. ಅದು ಒಳ್ಳೆಯತನವಲ್ಲ, ನೆಟ್‌ವರ್ಕ್ ಇರಲಿಲ್ಲ.

ಅಂಕೋಲೆಯ ಸುಕ್ರಿ ಬೊಮ್ಮಗೌಡರನ್ನು ಇಲ್ಲಿ ನೆನೆಯಬೇಕು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಸುಕ್ರಜ್ಜಿ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಹೋದರು. ಗಂಡ ಬೇಗ ತೀರಿಕೊಂಡ. ಸಾಕಿದ ಮಗ ಕುಡಿತದಿಂದ ಸತ್ತ. ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು, ಹಾಡುವುದನ್ನೂ ಬಿಡಲಿಲ್ಲ. ಮದುವೆಯ ಹಾಡು, ನೆಟ್ಟಿಯ ಹಾಡು, ಎಲ್ಲವೂ ಇದ್ದವು. ನಾವು ಪತ್ರಿಕೆಯವರು, ಬರಹಗಾರರು ಹೋಗಿ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಎಷ್ಟು ಹಾಡು ಬರುತ್ತದೆ, ಎಷ್ಟು ಕಷ್ಟಪಟ್ಟಿರಿ.

ಅದೇ ಅಂಕೋಲೆಯ ದಿನಕರ ದೇಸಾಯಿಯವರು ರೈತರ ಪರ ನಿಂತು ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡಿಪಾರಾದವರು. ಬಡತನ, ಲಂಚ, ಅನ್ಯಾಯ ಎಲ್ಲವನ್ನೂ ನಾಲ್ಕು ಸಾಲಿನ ಚುಟುಕದಲ್ಲಿ ಚಿವುಟಿದರು. ನಕ್ಕವರೇ ಯೋಚಿಸಬೇಕು, ಹಾಗೆ. ಅವರಿಗೆ 'ಗಟ್ಟಿ ಇಲ್ಲ' ಅಂದವರೂ ಇದ್ದರು.

ಪ್ರಮಾಣ ಎಷ್ಟಿರಬೇಕು ಅಂತ ಕೇಳಬೇಡಿ. ಕೊಳೆರೋಗಕ್ಕೆ ಅಡಿಕೆಗೆ ಔಷಧಿ ಹೊಡೆಯುವಾಗ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಸರಿಯಿಲ್ಲದಿದ್ದರೆ ತುತ್ತ ಎಳೆಯ ಕಾಯಿಯನ್ನೇ ಸುಡುತ್ತದೆ. ನಮ್ಮ ಭಾವ ಕತ್ತಿ ಅದ್ದಿ ನೋಡುತ್ತಾನೆ, ಕಬ್ಬಿಣ ಕೆಂಪಾದರೆ ಇನ್ನಷ್ಟು ಸುಣ್ಣ. ಬರಹಕ್ಕೂ ಇಂಥ ಒಂದು ಕತ್ತಿ ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ. ಇಲ್ಲ. ಉಪಮೆಯನ್ನು ಇಲ್ಲಿಗೇ ಬಿಡುತ್ತೇನೆ.

(ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಅದರಲ್ಲಿ ಎರಡನ್ನು ಸೇರಿಸುತ್ತಿದ್ದೇನೆ.)

ಒಬ್ಬ ಯುವಕ ಕೇಳಿದ: "ಸರ್, ಕೆಲವು ದುಃಖದಲ್ಲಿ ನಗುವೇ ಇರುವುದಿಲ್ಲ. ಅಲ್ಲೂ ಹುಡುಕಬೇಕಾ?" ಬೇಡ. ಇಲ್ಲದ್ದನ್ನು ತಂದು ಹಾಕಿದರೆ ಅದೂ ಸುಳ್ಳೇ. ಆದರೆ ಇಲ್ಲ ಅಂತ ಹೇಳುವ ಮೊದಲು ಎಷ್ಟು ಹೊತ್ತು ಕೂತಿದ್ದೆ ಅಂತ ನೋಡಿಕೊಳ್ಳಬೇಕು. ನಾನು ಒಂದು ತಾಸು ಕೂತಿದ್ದೆ. ಆ ಹುಡುಗನಿಗೆ ಉತ್ತರ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ. ಇರಲಿ.

ಮುಂದಿನ ಸಾಲಿನಲ್ಲಿದ್ದ ಅಕ್ಕೋರು ಒಬ್ಬರು ಕೇಳಿದರು: "ನಿಮ್ಮ ಅಕ್ಕ ಈಗ ಹೇಗಿದ್ದಾರೆ? ಆಮೇಲೆ ಯಾವ ಪುಸ್ತಕ ಕೊಟ್ಟಿರಿ?"

ಅಕ್ಕ ಚಲೋ ಇದ್ದಾಳೆ. ಕೂದಲು ಬಂದಿದೆ, ಮೊದಲಿಗಿಂತ ದಟ್ಟ ಅಂತ ಅವಳದೇ ಜಂಬ. ಪುಸ್ತಕದ ವಿಷಯ ಹೇಳಿಯೇ ಬಿಡುತ್ತೇನೆ. ಐದನೇ ಸಲ ಹೋಗುವಾಗ ಅವಳೇ ಕೇಳಿದಳು, "ನಿನ್ನ ಪುಸ್ತಕ ತಗಂಬಾ, ಆ ಬಾವಿದು." ಬೇಡ ಅಂದೆ. ಕೇಳಲಿಲ್ಲ. ಔಷಧಿ ಇಳಿಯುತ್ತಿರುವಾಗ ಒಂದು ಕಥೆ ಪೂರ್ತಿ ಓದಿದಳು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಓದಿ ಮುಗಿಸಿ ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟಳು. ಅಳುತ್ತಾಳೇನೋ ಅಂತ ಹೆದರಿದೆ.

"ತಮಾ, ಬಾವಿಗೆ ಬೀಳ ಮೊದ್ಲು ಅದು ದನಕ್ಕೆ ಹುಲ್ಲು ಹಾಕಿತ್ತನ?"

ನಮ್ಮ ಮಾತಿನಲ್ಲಿ ಹೆಂಗಸಿಗೆ 'ಅದು' ಅಂತೇವೆ. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಥೆಯಲ್ಲಿ ಮನೆ ಇತ್ತು, ಕೊಟ್ಟಿಗೆಯೂ ಇತ್ತು. ದನದ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ.

"ಗೊತ್ತಿಲ್ಲೆ" ಅಂದೆ.

"ಅಷ್ಟೂ ಗೊತ್ತಿಲ್ಲದ್ದೆ ಕೊಂದ್ಯನ?"

ಬಾಟಲಿ ಖಾಲಿಯಾಗಲು ಇನ್ನೂ ಎರಡು ತಾಸು ಇತ್ತು. ಪೆನ್ನು ತೆಗೆದು, ಪುಸ್ತಕವನ್ನು ಅವಳ ಎದೆಯ ಮೇಲಿಂದ ಎತ್ತಿಕೊಂಡೆ.